ಜಾಜಿ ಎಲೆಯೂ ಒಂಟಿ ಮುಚ್ಚಳವೂ

ನಮ್ಮ ಅಡಿಗೆಮನೆಯಲ್ಲಿ ಒಂದು ಸ್ಟೀಲ್ ಮುಚ್ಚಳವಿದೆ. ಅದು ಯಾವ ಡಬ್ಬಿಗೂ ಕೂರುವುದಿಲ್ಲ. ಸಾರಿನ ಪುಡಿಯ ಡಬ್ಬಿಯ ಮೇಲಿಟ್ಟರೆ ಅಪ್ಪನ ಟೋಪಿ ಹಾಕಿಕೊಂಡ ಮಗುವಿನ ಹಾಗೆ ಓಲಾಡುತ್ತದೆ. ಅವಲಕ್ಕಿ ಡಬ್ಬಿಯ ಮೇಲಿಟ್ಟರೆ ಸೀದಾ ಒಳಗಿಳಿದು ಅವಲಕ್ಕಿಯ ಮೇಲೆ ಮಲಗಿಬಿಡುತ್ತದೆ. ಹಬ್ಬ ಬಂದು ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕುವಾಗ ಅಮ್ಮ ಅದನ್ನು ಎತ್ತಿ ಹಿಡಿದು, "ಇದನ್ನ ಹಳೇ ಪಾತ್ರೆಯೋನಿಗೆ ಹಾಕ್ಬಿಡ್ಲೇನೋ?" ಅನ್ನುತ್ತಾಳೆ. ನಾನು ಎಲ್ಲಿದ್ದರೂ ಓಡಿಬಂದು ಕಿತ್ತುಕೊಳ್ಳುತ್ತೇನೆ. ಯಾಕೆಂದರೆ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಿವೆ: "ಮಿಮಿಕ್ರಿ. ಪ್ರಥಮ ಬಹುಮಾನ." ನನ್ನ ಇಪ್ಪತ್ತೈದು ವರ್ಷದ ಜೀವಮಾನದಲ್ಲಿ ನಾನು ಯಾವುದರಲ್ಲಾದರೂ ಪ್ರಥಮನಾಗಿದ್ದೆ ಅನ್ನುವುದಕ್ಕೆ ಇರುವ ಸಾಕ್ಷಿ ಇದೊಂದೇ. ಅದೂ ಮುಚ್ಚಳ ಮಾತ್ರ.

ಡಬ್ಬಿ ಎಲ್ಲಿ ಹೋಯಿತು ಅಂತ ನೀವು ಕೇಳಬೇಕು. ಕೇಳದಿದ್ದರೂ ಹೇಳುವವನೇ ನಾನು. ಆದರೆ ಇವತ್ತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕೆಳತುಟಿಯ ಒಳಗೆ ಒಂದು, ನಾಲಗೆಯ ತುದಿಯಲ್ಲಿ ಒಂದು ಹುಣ್ಣು ಎದ್ದಿವೆ. ಬರೆಯುವ ಕೈಗೂ ಬಾಯಿಹುಣ್ಣಿಗೂ ಏನು ಸಂಬಂಧ ಅನ್ನಬೇಡಿ. ನಾನು ಯಾರ ಮಾತನ್ನು ಬರೆದರೂ ಅವರ ಧ್ವನಿಯಲ್ಲಿ ಒಮ್ಮೆ ಹೇಳಿಕೊಂಡೇ ಬರೆಯುವವನು. ಹಾಗಾಗಿ ಈ ಬರಹದಲ್ಲಿ ಯಾರಾದರೂ ಕಡಿಮೆ ಮಾತಾಡಿದರೆ ಅವರು ಮಿತಭಾಷಿಗಳು ಅಂತ ತಿಳಿಯಬೇಡಿ, ನನಗೆ ಉರಿಯಿತು ಅಂತ ತಿಳಿಯಿರಿ.

ಈ ಅಣಕಿಸುವ ಚಾಳಿ ನನಗೆ ಹುಟ್ಟಿನಿಂದ ಬಂದದ್ದು. ಹೈಸ್ಕೂಲಿನಲ್ಲಿ ಹಾಜರಿ ಕರೆಯುವಾಗ ಬಾರದ ಹುಡುಗರ ಪರವಾಗಿ ಅವರವರ ಧ್ವನಿಯಲ್ಲಿ "ಎಸ್ ಸಾರ್" ಅನ್ನುತ್ತಿದ್ದೆ. ಒಬ್ಬ ಹುಡುಗ ಅಪ್ಪನಿಗೆ ವರ್ಗವಾಗಿ ಮೈಸೂರಿಗೆ ಹೋದ ಮೇಲೂ ಮೂರು ವಾರ ನಮ್ಮ ಕ್ಲಾಸಿನಲ್ಲಿ ಹಾಜರಿದ್ದ. ಆ ಪುಣ್ಯದ ಫಲ ಏನಾಯಿತೆಂದರೆ, ಒಂದು ದಿನ ನನ್ನ ಹೆಸರು ಕರೆದಾಗ ನಾನು ನನ್ನ ಸ್ವಂತ ಧ್ವನಿಯಲ್ಲಿ "ಎಸ್ ಸಾರ್" ಅಂದೆ. ಮೇಷ್ಟ್ರು ಕನ್ನಡಕ ಮೇಲೆತ್ತಿ, "ಇದ್ಯಾರ ಧ್ವನಿಯೋ?" ಅಂದರು. ಆಬ್ಸೆಂಟ್ ಹಾಕಿದರು. ಕಣ್ಣೆದುರಿಗೇ ಕೂತಿದ್ದೆ.

ಇನ್ನು ಗೌರಮ್ಮನವರ ವಿಷಯ. ಎನ್.ಆರ್. ಕಾಲೋನಿಯಲ್ಲಿ ನಮ್ಮ ಎದುರು ಮನೆಯವರು. ಯಜಮಾನರು ಶಿವಣ್ಣನವರು, ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ. ಸಂಜೆ ಮನೆಗೆ ಬರುವಾಗ ಅವರ ಹುಬ್ಬಿನ ಮೇಲೆ ತೊಗರಿಬೇಳೆಯ ಧೂಳು ತೆಳ್ಳಗೆ ಕೂತಿರುತ್ತಿತ್ತು. ಧ್ವನಿ ಎತ್ತರಿಸಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ, ಆ ಖಾತೆಯನ್ನು ಅವರು ಹೆಂಡತಿಗೆ ಬಿಟ್ಟುಕೊಟ್ಟಿದ್ದರು. ಅವರ ಗೇಟಿನ ಮೇಲೆ ಕಬ್ಬಿಣದ ಕಮಾನು, ಕಮಾನಿನ ತುಂಬ ಜಾಜಿ ಬಳ್ಳಿ. ಬೆಳಗಿನ ಜಾವ ಅದರಲ್ಲಿ ಬಿಡುವ ಹೂವೆಲ್ಲ ಗೌರಮ್ಮನವರ ಲಿಂಗಪೂಜೆಗೆ. ಪೂಜೆ ಮುಗಿಯದೆ ಅವರು ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ.

ದೇವರ ಬಳ್ಳಿ ಅಂದ ಮೇಲೆ ಅದಕ್ಕೊಂದು ಕಾನೂನು ಬೇಡವೇ? ಸ್ನಾನವಾಗದವರು ಕೈ ಹಾಕುವ ಹಾಗಿಲ್ಲ. ಹೂವನ್ನು ಯಾರೂ ಮೂಸುವ ಹಾಗಿಲ್ಲ, ಮೂಸಿದ ಹೂವು ದೇವರಿಗೆ ಸಲ್ಲದು. ಈ ಕಾನೂನಿನಿಂದ ಸ್ವಂತ ಗಂಡನಿಗೂ ವಿನಾಯಿತಿಯಿರಲಿಲ್ಲ. ಗೇಟಿನ ಚಿಲಕ ಸದ್ದಾದರೆ ಸಾಕು, ಒಳಗಿನಿಂದ ಒಂದು ಧ್ವನಿ ಹೊರಟು, ನಡುಮನೆ ದಾಟಿ, ಜಗಲಿ ದಾಟಿ, ರಸ್ತೆಗೆ ಬಂದು ನಮ್ಮ ಮನೆಯ ಕಿಟಕಿಯ ಸರಳಿಗೆ ಬಡಿಯುತ್ತಿತ್ತು:

"ಏಏಏಯ್! ಸ್ನಾನ ಆಯ್ತಾ?"

ಹಾಲಿನವನಿಗೂ ಇದೇ ಪ್ರಶ್ನೆ, ಮೀಟರ್ ನೋಡಲು ಬಂದವನಿಗೂ ಇದೇ. ಪೋಸ್ಟ್‌ಮ್ಯಾನಂತೂ ಎರಡು ವರ್ಷದಲ್ಲಿ ಪಳಗಿಹೋಗಿದ್ದ. ಗೇಟಿನ ಹತ್ತಿರ ಬಂದು ಮೊದಲು "ಆಯ್ತಮ್ಮಾ" ಅನ್ನುತ್ತಿದ್ದ, ಆಮೇಲೆ "ಪೋಸ್ಟ್" ಅನ್ನುತ್ತಿದ್ದ. ಈ ಪ್ರಶ್ನೆಗೆ ಹೆದರದಿದ್ದದ್ದು ಬೀದಿಯ ಕೊನೆಮನೆಯವರ ಆಡು ಮಾತ್ರ.

ಇಷ್ಟು ಕಟ್ಟುನಿಟ್ಟಾದರೂ ಬೀದಿಯ ಅರ್ಧ ಜನದ ಡಾಕ್ಟರು ಆ ಬಳ್ಳಿಯೇ. ಬಾಯಿಹುಣ್ಣಾದರೆ ಜಾಜಿ ಎಲೆ ಅಗಿಯುವುದು. ತುಟಿ ಬಿರಿದರೆ, ಕಾಲಿನ ಹಿಮ್ಮಡಿ ಒಡೆದರೆ, ಒಲೆಯ ಮೇಲೆ ಕೈ ಸುಟ್ಟರೆ ಜಾಜಿ ತುಪ್ಪ. ಎಲೆಯನ್ನು ಜಜ್ಜಿ ತುಪ್ಪದಲ್ಲಿ ಚಟಪಟ ನಿಲ್ಲುವ ತನಕ ಕಾಯಿಸಿ, ಬಟ್ಟೆಯಲ್ಲಿ ಸೋಸಿದರೆ ತಿಳಿಹಸಿರು ಬಣ್ಣದ ಒಂದು ಔಷಧಿಯಾಗುತ್ತದೆ. ದಿನವಿಡೀ ಮಂಡಿಯಲ್ಲಿ ನಿಂತು ಬಿರುಕುಬಿಟ್ಟಿದ್ದ ಶಿವಣ್ಣನವರ ಹಿಮ್ಮಡಿ ಆ ತುಪ್ಪದಿಂದಲೇ ಕೂಡಿಕೊಂಡಿತ್ತಂತೆ. ನಮ್ಮಮ್ಮನ ಮುಂಗೈಯ ಮೇಲೆ ಎಣ್ಣೆ ಸಿಡಿದದ್ದೂ ಗುರುತಿಲ್ಲದೆ ಹೋದದ್ದು ಅದರಿಂದಲೇ. ಯಾರು ಕೇಳಿದರೂ ಗೌರಮ್ಮನವರು ಇಲ್ಲ ಅನ್ನುತ್ತಿರಲಿಲ್ಲ. ಕೇಳಬೇಕು ಅಷ್ಟೆ.

ಆದರೆ ನಾನು ಕೇಳುವ ಹಾಗಿರಲಿಲ್ಲ. ಯಾಕೆ ಅಂದರೆ, ನನಗೆ ಹದಿನೆಂಟಾಗಿದ್ದ ವರ್ಷ ಕಾಲೋನಿಯ ಗಣೇಶೋತ್ಸವದ ಸ್ಪರ್ಧೆಯಲ್ಲಿ ನಾನು ಮೈಕಿನ ಮುಂದೆ ನಿಂತು "ಏಏಏಯ್! ಸ್ನಾನ ಆಯ್ತಾ?" ಅಂದುಬಿಟ್ಟಿದ್ದೆ. ಪೆಂಡಾಲಿಗೆ ಪೆಂಡಾಲೇ ಬಿದ್ದುಬಿದ್ದು ನಕ್ಕಿತು. ಮೊದಲ ಸಾಲಿನಲ್ಲಿ ಕೂತಿದ್ದ ಗೌರಮ್ಮನವರು ನಗಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ನನಗೆ ಸಿಕ್ಕಿದ್ದಾದರೂ ಏನು? ಎರಡನೇ ಬಹುಮಾನ, ಒಂದು ಸೋಪಿನ ಪೆಟ್ಟಿಗೆ. ಮೊದಲನೆಯದು ಚಾಮರಾಜಪೇಟೆಯಿಂದ ಬಂದಿದ್ದ ಒಬ್ಬ ಹುಡುಗನಿಗೆ ಹೋಯಿತು. ಅವನು ಬಾಯಲ್ಲಿ ರೈಲು ಬಿಡುತ್ತಿದ್ದ. ರೈಲಿಗೆ ಒಂದು ಅನುಕೂಲ ಇದೆ ನೋಡಿ, ಅದು ಮೊದಲ ಸಾಲಿನಲ್ಲಿ ಬಂದು ಕೂರುವುದಿಲ್ಲ.

ಮರುವರ್ಷ ನನಗೆ ಹತ್ತೊಂಬತ್ತು. ಟೆಲಿವಿಷನ್ ಇನ್ನೂ ಬಂದಿರಲಿಲ್ಲ, ಕಾಲೋನಿಗೆ ಇದ್ದ ಒಂದೇ ಟೆಲಿವಿಷನ್ ನಾನೇ. ಈ ಸಲ ರೈಲಿನವನನ್ನು ಹಳಿ ತಪ್ಪಿಸಲೇಬೇಕು ಅಂತ ತಿಂಗಳಿಂದ ತಾಲೀಮು ನಡೆಸಿದ್ದೆ. ಸ್ಪರ್ಧೆಗೆ ಐದು ದಿನ ಇದೆ ಅನ್ನುವಾಗ ಬಾಯಲ್ಲಿ ಹುಣ್ಣೆದ್ದಿತು. ಒಂದಲ್ಲ, ಎರಡಲ್ಲ. "ಪ" ಅಂದರೆ ತುಟಿ ಉರಿಯಿತು, "ತ" ಅಂದರೆ ನಾಲಗೆ ಉರಿಯಿತು, ಸುಮ್ಮನಿದ್ದರೆ ಎರಡೂ ಉರಿದವು.

"ಊರೋರನ್ನೆಲ್ಲಾ ಅಣಕಿಸೋ ಬಾಯಿಗೆ ದೇವರು ಬೀಗ ಹಾಕಿದಾನೆ" ಅಂದಳು ಅಮ್ಮ.

"ಮನೆ ಎಷ್ಟು ಪ್ರಶಾಂತವಾಗಿದೆ ನೋಡು. ಇದಕ್ಕೆ ಔಷಧಿ ಬೇರೆ ಯಾಕೆ?" ಅಂದರು ಅಪ್ಪ, ಪೇಪರಿನಿಂದ ತಲೆಯೆತ್ತದೆ.

ಕೊನೆಗೆ ಅಮ್ಮನೇ ಕರಗಿ, "ಜಾಜಿ ಎಲೆ ಅಗಿದ್ರೆ ಮೂರೇ ದಿನ. ಹೋಗಿ ಗೌರಮ್ಮನೋರನ್ನ ಕೇಳು" ಅಂದಳು. ನೀನೇ ಕೇಳಮ್ಮಾ ಅಂತ ಕೈಸನ್ನೆ ಮಾಡಿದೆ.

"ಆಹಾ! ಅಣಕಿಸೋನು ನೀನು, ಬೇಡೋಳು ನಾನಾ?"

ನಾನು ಸ್ವಾಭಿಮಾನಿ. ಸೀದಾ ಗಾಂಧಿ ಬಜಾರಿಗೆ ಹೋದೆ. ಅಷ್ಟೊಂದು ಹೂವಿನ ಬುಟ್ಟಿಗಳಿರುವ ಕಡೆ ನಾಲ್ಕು ಎಲೆ ಸಿಗದೆ ಇರುತ್ತದೆಯೇ? ಒಬ್ಬ ಹೂವಿನಮ್ಮನ ಮುಂದೆ ನಿಂತು, ಜಾಜಿಯ ರಾಶಿ ತೋರಿಸಿ, ತುಟಿ ತೋರಿಸಿ, ಎದೆಯ ಮೇಲೆ ಕೈಯಿಟ್ಟು ನೋವನ್ನು ಅಭಿನಯಿಸಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವ ಹುಡುಗೀಗಪ್ಪಾ? ಒಂದು ಮೊಳ ಸಾಕಾ?" ಅಂದಳು. ತಲೆ ಅಲ್ಲಾಡಿಸಿ, ನೋವನ್ನು ನುಂಗಿಕೊಂಡು "ಎಯೆ, ಎಯೆ" ಅಂದೆ.

"ಎಲೆಯಾ? ಎಲೆ ಯಾರು ಮಾರ್ತಾರೆ? ಮನೇಲಿ ಆಡು ಸಾಕಿದೀಯಾ?"

ಮಾರನೆಯ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಎದುರು ಮನೆಯ ಗೇಟಿನ ಮುಂದೆ ನಿಂತಿದ್ದೆ. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು, ಗೌರಮ್ಮನವರ ಸ್ನಾನ. ನನ್ನ ಸ್ನಾನ ಆಗಿರಲಿಲ್ಲ. ನಮ್ಮನೆ ಹಂಡೆಯ ಸರದಿಯಲ್ಲಿ ನನ್ನದು ಕೊನೆಯ ನಂಬರು, ನನ್ನ ಪಾಲಿಗೆ ನೀರಿಗಿಂತ ಬೂದಿಯೇ ಜಾಸ್ತಿ ಬರುತ್ತಿತ್ತು. ಕದಿಯುವವನಾದರೂ ನಾನು ಕಾನೂನಿಗೆ ಬೆಲೆ ಕೊಡುವವನು. ಕಾನೂನು ಏನು ಹೇಳುತ್ತದೆ? ಸ್ನಾನವಾಗದವರು ಕೈ ಹಾಕಬಾರದು. ಸರಿ, ಕೈ ಹಾಕುವುದಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ತುದಿಗಾಲಲ್ಲಿ ನಿಂತೆ. ಕಮಾನಿನಿಂದ ಇಳಿಬಿದ್ದಿದ್ದ ಒಂದು ಕುಡಿಗೆ ಬಾಯಿ ಹಾಕಿ, ಎಳೆಯ ಎಲೆಯನ್ನು ಹಲ್ಲಲ್ಲಿ ಹಿಡಿದು ಎಳೆದೆ.

ಎಲೆ ಒಂಟಿಯಾಗಿ ಬರಲಿಲ್ಲ, ಒಂದು ಗೇಣು ಬಳ್ಳಿಯನ್ನೇ ಕರೆದುಕೊಂಡು ಬಂತು. ಬಾಗಿಲು ತೆರೆಯಿತು. ಹೂಬುಟ್ಟಿ ಹಿಡಿದ ಗೌರಮ್ಮನವರು ಹೊಸ್ತಿಲ ಮೇಲೆ. ಕೈ ಕಟ್ಟಿ, ಬಾಯಿಂದ ಬಳ್ಳಿ ಇಳಿಬಿಟ್ಟುಕೊಂಡು, ಗೇಟಿನ ಮುಂದೆ ನಾನು.

"ಏಏಏ..." ಅಂದರು. ಅಷ್ಟೇ. ಆ ವಾಕ್ಯ ಅರ್ಧಕ್ಕೆ ನಿಂತದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಬಾಯಿ ಹಾಕ್ದೆಯಲ್ಲೋ! ಶಿವನ ಬಳ್ಳಿಗೆ ಬಾಯಿ ಹಾಕ್ದೆಯಲ್ಲೋ! ಮುಟ್ಟಿದ್ರೆ ನೀರು ಚಿಮುಕಿಸಿ ಸುಮ್ಮನಾಗ್ತಿದ್ದೆ. ಈಗ ಬಳ್ಳಿಗೆ ಬಳ್ಳೀನೇ ಎಂಜಲು! ಯಾವ ಹೂವಿಟ್ಟು ಪೂಜೆ ಮಾಡ್ಲೋ ನಾನು?"

ಬೈಗುಳ ನನಗೆ ಹೊಸದಲ್ಲ. ಬೈದವರ ಧಾಟಿಯನ್ನು ಮನಸ್ಸಿನಲ್ಲೇ ಬರೆದುಕೊಂಡು ಆಮೇಲೆ ಉಪಯೋಗಿಸುವುದು ನನ್ನ ಪದ್ಧತಿ. ಆದರೆ ಅವರು ಖಾಲಿ ಬುಟ್ಟಿ ಹಿಡಿದು ಬಳ್ಳಿಯ ತುಂಬ ಬಿಟ್ಟಿದ್ದ ಹೂವನ್ನು ನೋಡುತ್ತ ನಿಂತರು. ಕಣ್ಣಲ್ಲಿ ನೀರು ತುಂಬಿತ್ತು. ಪೂಜೆಯಿಲ್ಲದೆ ಅವರು ಕಾಫಿಯನ್ನೂ ಕುಡಿಯುವುದಿಲ್ಲ ಅಂತ ಆಗ ನೆನಪಾಯಿತು. ನನ್ನ ಬಾಯಲ್ಲಿ ಎಲೆಯ ಕಹಿ ಇಳಿಯುತ್ತಿತ್ತು. ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಶಿವಣ್ಣನವರು ಹೆಗಲ ಮೇಲೆ ಟವಲು ಹಾಕಿಕೊಂಡು ಹೊರಗೆ ಬಂದರು. ನನ್ನನ್ನು ನೋಡಿದರು, ಬಳ್ಳಿಯನ್ನು ನೋಡಿದರು. ಮಂಡಿಯಲ್ಲಿ ಬೇಳೆಯ ಸ್ಯಾಂಪಲ್ ನೋಡುವಷ್ಟೇ ನಿಧಾನವಾಗಿ.

"ಗೌರಾ, ಹೋದ ತಿಂಗಳು ಆಡು ಬಂದು ಅರ್ಧ ಬಳ್ಳಿ ಮೇಯ್ತಲ್ಲ, ಆಗ ಏನು ಮಾಡ್ದೆ?"

"ಒಂದು ಕೊಡ ನೀರು ಹುಯ್ದು, ವಿಭೂತಿ ಹಾಕ್ದೆ."

"ಈಗಲೂ ಅಷ್ಟೇ ಮಾಡು. ಇವನನ್ನೂ ಆಡು ಅಂತ್ಲೇ ತಿಳ್ಕೋ."

"ಆಡು ಮಿಮಿಕ್ರಿ ಮಾಡಲ್ಲ ಕಣ್ರೀ!"

ಆದರೂ ತೀರ್ಪು ತೀರ್ಪೇ. ಗೌರಮ್ಮನವರು ಒಂದು ಕೊಡ ನೀರು ಹುಯ್ದರು. ಮೊದಲರ್ಧ ಬಳ್ಳಿಗೆ, ಉಳಿದರ್ಧ ಅನುಮಾನ ಪರಿಹಾರಕ್ಕಾಗಿ ನನ್ನ ತಲೆಗೆ. ಬಳ್ಳಿಗೆ ವಿಭೂತಿ, ನನ್ನ ಹಣೆಗೂ ವಿಭೂತಿ. ಹೂವು ಬಿಡಿಸಿ ಪೂಜೆ ಮುಗಿಸಿ, ಒಂದು ಲೋಟ ಕಾಫಿ ಕುಡಿದು ಬಂದು, ಜಗಲಿಯ ಮೇಲೆ ನಡುಗುತ್ತ ಕೂತಿದ್ದ ನನ್ನ ಗದ್ದ ಹಿಡಿದೆತ್ತಿದರು.

"ಬಾಯಿ ತೆಗಿ. ಅಯ್ಯೋ ಶಿವನೇ, ಇದೇನೋ ಇದು! ಮೊದಲೇ ಬಂದು ಕೇಳಕ್ಕೇನಾಗಿತ್ತು ನಿಂಗೆ? ಔಷಧಿ ಕೊಡ್ತೀನಿ. ಆದ್ರೆ ಒಂದು ಮಾತು. ನಿನ್ನ ಬಾಯಲ್ಲಿ ಇನ್ನು ನನ್ನ ಧ್ವನಿ ಬರಕೂಡದು. ಮಾತು ಕೊಡು. ಮಾತಾಡಕ್ಕಾಗಲ್ವಾ? ತಲೆ ಆಡ್ಸು."

ಗೌರಮ್ಮನವರಿಲ್ಲದೆ ನನ್ನ ಐಟಂ ಒಗ್ಗರಣೆಯಿಲ್ಲದ ಸಾರು. ರೈಲಿನವನು ನನ್ನ ಮೇಲೇ ಹಾದುಹೋಗುವುದು ಖಂಡಿತ. ಆದರೆ ಬಾಯೇ ಇಲ್ಲದಿದ್ದರೆ ಐಟಮ್ಮಾದರೂ ಎಲ್ಲಿಯದು? ತಲೆ ಆಡಿಸಿದೆ.

ಮೂರು ದಿನ ಆರು ಗಂಟೆಗೆ ಸ್ನಾನ ಮಾಡಿಕೊಂಡು ಹೋದೆ. ಅಪ್ಪ ನನಗೆ ಜ್ವರವೇನೋ ಅಂತ ಹಣೆ ಮುಟ್ಟಿ ನೋಡಿದರು. ಗೌರಮ್ಮನವರು ಎರಡು ಎಳೆ ಎಲೆ ಕೊಟ್ಟು ಎದುರಿಗೇ ಕೂರುತ್ತಿದ್ದರು. "ನುಂಗ್ಬೇಡ, ಅಗಿ. ಎಡಗಡೆ. ಈಗ ಬಲಗಡೆ. ರಸ ಹುಣ್ಣಿನ ಮೇಲೆ ನಿಲ್ಬೇಕು. ಹೂಂ, ಈಗ ಉಗುಳು. ಏಯ್, ಬಳ್ಳಿ ಕಡೆ ಅಲ್ಲ, ಮೋರಿಗೆ!" ಅಷ್ಟು ಒಳ್ಳೆಯ ಹೂವು ಬಿಡುವ ಬಳ್ಳಿ ಇಷ್ಟು ಕೆಟ್ಟ ರುಚಿಯ ಎಲೆಯನ್ನು ಯಾಕಿಟ್ಟುಕೊಂಡಿದೆಯೋ. ಕಹಿ, ಒಗರು, ಆಮೇಲೆ ನಾಲಗೆಗೆ ತಣ್ಣಗೆ ಬಟ್ಟೆ ಹೊದಿಸಿದ ಹಾಗೆ ಒಂದು ಹಿತ. ಬಿರಿದ ತುಟಿಯ ಮೂಲೆಗೆ ತುಪ್ಪವನ್ನು ಅವರೇ ಬೆರಳಲ್ಲಿ ಸವರುತ್ತಿದ್ದರು. ಇಷ್ಟು ಹತ್ತಿರದಿಂದ ಅವರ ಧ್ವನಿ ಬೇರೆಯೇ ಇತ್ತು. ತಗ್ಗಿ, ಮೆತ್ತಗೆ. ಒಂದು ವರ್ಷ ಅವರನ್ನು ಅಣಕಿಸಿದವನಿಗೆ ಅದು ಗೊತ್ತೇ ಇರಲಿಲ್ಲ.

ಮೂರನೆಯ ದಿನ ಉರಿ ಇಳಿದು ಬಾಯಿ ಬಂತು. "ಗೌರಮ್ಮನೋರೆ, ವಾಸಿಯಾಯ್ತು" ಅಂದೆ.

ಅವರು ಅನುಮಾನದಿಂದ ನೋಡಿ, "ಇದ್ಯಾರ ಧ್ವನಿ?" ಅಂದರು.

ಸ್ಪರ್ಧೆಯ ಸಂಜೆ ಬಂತು. ಮುಖ್ಯ ಅತಿಥಿಗಳು ಕಚ್ಚೆಪಂಚೆ, ಜರಿಪೇಟದ ಒಬ್ಬ ನಿವೃತ್ತ ಇಂಜಿನಿಯರು. ವೇದಿಕೆಯ ಪಕ್ಕದಲ್ಲಿ ಮೇಜು ಹಾಕಿ, ಅವರ ಮುಂದೊಂದು ಮೈಕಿಟ್ಟು ಕೂರಿಸಿದ್ದರು. ಚಾಮರಾಜಪೇಟೆಯ ಹುಡುಗ ಈ ಸಲ ರೈಲಿನ ಜೊತೆಗೆ ಪ್ರೆಷರ್ ಕುಕ್ಕರನ್ನೂ ತಂದಿದ್ದ. ಕುಕ್ಕರು ಮೂರನೇ ವಿಷಲ್ ಹೊಡೆದಾಗ ಹೆಂಗಸರ ಸಾಲಿನಲ್ಲಿ ಒಬ್ಬರು ಎದ್ದು ಮನೆಗೆ ಓಡಿದರು ಅಂದರೆ ನೋಡಿ. ಆಮೇಲೆ ನಾನು. ಬಸ್ ಕಂಡಕ್ಟರನ್ನು ಮಾಡಿದೆ, ಮೇಷ್ಟ್ರನ್ನು ಮಾಡಿದೆ. ಜನ ಪಕ್ಕದವರ ಜೊತೆ ಮಾತಿಗೆ ಶುರುಮಾಡಿದರು. ಹಿಂದಿನಿಂದ ಯಾರೋ, "ಗುರೂ, ಸ್ನಾನದ್ದು ಮಾಡೋ!" ಅಂತ ಕೂಗಿದ. ಮೊದಲ ಸಾಲಿನಲ್ಲಿ ಗೌರಮ್ಮನವರು, ಪಕ್ಕದಲ್ಲಿ ಶಿವಣ್ಣನವರು. ಗೌರಮ್ಮನವರ ಕಣ್ಣು ನನ್ನ ಮೇಲೇ. ಮಾತು ಕೊಟ್ಟು ಆಡಿಸಿದ ತಲೆ ನನ್ನದು. "ಇಲ್ಲ" ಅಂದೆ. ಮುಂದೇನು ಮಾಡುವುದು ತೋಚದೆ, ಬಾಯಿ ತೆರೆದು ನಾಲಗೆಯಿಂದ ಹಳೆಯ ಹುಣ್ಣಿನ ಜಾಗ ಮುಟ್ಟಿಕೊಳ್ಳುತ್ತ ಮೈಕಿನ ಮುಂದೆ ನಿಂತುಬಿಟ್ಟೆ.

ಮುಖ್ಯ ಅತಿಥಿಗಳಿಗೂ ಬೇಜಾರಾಗಿರಬೇಕು. ಮೇಜಿನ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಮಹಾಮಂಗಳಾರತಿಯ ಹೊತ್ತಿಗೆ ಗಣೇಶನಿಗೆ ಹಾಕಲೆಂದು ಗೌರಮ್ಮನವರು ತಮ್ಮ ಬಳ್ಳಿಯಿಂದಲೇ ಕಟ್ಟಿ ತಂದಿದ್ದ ಜಾಜಿ ಮಾಲೆ. ಸಾಹೇಬರು ಅದನ್ನು ಎರಡೂ ಕೈಯಲ್ಲಿ ಎತ್ತಿದರು. ಕಣ್ಣು ಮುಚ್ಚಿದರು. ಮೂಗಿನ ಹತ್ತಿರ ತಂದರು.

"ಏಏಏಯ್! ಸ್ನಾನ ಆಯ್ತಾ?"

ಪೆಂಡಾಲಿನ ತಗಡು ನಡುಗಿತು. ಸಾಹೇಬರ ಕೈಯಿಂದ ಮಾಲೆ ತಟ್ಟೆಗೆ ಬಿತ್ತು. ಅವರು ಬೆಚ್ಚಿ, ಎದುರಿಗಿದ್ದ ಮೈಕಿನಲ್ಲೇ, "ಆಯ್ತಮ್ಮಾ, ಬೆಳಿಗ್ಗೇನೇ ಆಯ್ತು!" ಅಂದರು.

ಜನರ ಕಣ್ಣೆಲ್ಲ ನನ್ನ ಮೇಲಿತ್ತು. ನನ್ನ ಬಾಯಿ ತೆರೆದಿತ್ತು. ಅವರಿಗೆ ಅಷ್ಟು ಸಾಕಾಯಿತು. ಹೊಡೆದರು ನೋಡಿ ಚಪ್ಪಾಳೆ, ವಿಷಲ್ಲು, ಪೆಂಡಾಲಿನ ಕಂಬಕ್ಕೂ ಕೈಯಿದ್ದಿದ್ದರೆ ಅದೂ ತಟ್ಟುತ್ತಿತ್ತು. "ತುಟಿ ಅಲ್ಲಾಡಿಸ್ಲೇ ಇಲ್ಲ ಮಗಾ!" ಅಂತ ಯಾರೋ ಕೂಗಿದರು. ನಾನು ನಿಜ ಹೇಳಬೇಕಿತ್ತು. ಬಾಯಿ ಮುಚ್ಚಿ, ಕೈಮುಗಿದು, ಇಳಿದುಬಂದೆ. ಬಹುಮಾನದ ಸ್ಟೀಲ್ ಡಬ್ಬಿ ಕೊಡುವಾಗ ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ, "ಅದು ಹೇಗಯ್ಯಾ ಮಾಡ್ದೆ?" ಅಂದರು.

"ಜಾಜಿ ಎಲೆ ಸಾರ್" ಅಂದೆ. ಅದು ಸುಳ್ಳೂ ಅಲ್ಲ.

ಮಾರನೆಯ ಬೆಳಿಗ್ಗೆ ಒದ್ದೆ ತಲೆಯಲ್ಲಿ ಡಬ್ಬಿ ಹಿಡಿದುಕೊಂಡು ಗೇಟಿನ ಮುಂದೆ ನಿಂತು, ಯಾರೂ ಕೇಳುವ ಮೊದಲೇ "ಆಯ್ತು!" ಅಂದೆ. ಗೌರಮ್ಮನವರು ಹೊರಗೆ ಬಂದರು.

"ನೀನು ಮಾತು ತಪ್ಪಿದೆ ಅಂತ ಬೀದಿಯೆಲ್ಲಾ ಆಡ್ಕೋತಿದೆ."

"ಗೌರಮ್ಮನೋರೆ, ಅದು ನೀವೇ ಕೂಗಿದ್ದು..."

"ನಾನೇ ಅಂತ ನಂಗೆ ಗೊತ್ತಿಲ್ವೇನೋ?" ಅಂದವರು ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದರು. "ಮೈಕಿಲ್ಲದೇನೇ ಅಷ್ಟು ದೂರ ಹೋಯ್ತಾ?"

"ಬ್ಯೂಗಲ್ ರಾಕ್ ಪಾರ್ಕಿನ ತನಕ ಕೇಳ್ಸಿರುತ್ತೆ."

ಅವರ ಮುಖದಲ್ಲಿ ಒಂದು ವರ್ಷದಿಂದ ಇದ್ದ ಗಂಟು ಬಿಚ್ಚಿತು. "ಮತ್ತೆ? ಅದು ಕೂಗು ಅಂದ್ರೆ! ಹೋದ ವರ್ಷ ನೀನು ಮಾಡಿದ್ದು ಯಾರಿಗೆ ಬೇಕಾಗಿತ್ತು? ಕಾಗೆ ಕೂಗಿದ ಹಾಗೆ. ನಾಲ್ಕು ಜನದ ಮುಂದೆ ನನ್ನನ್ನ ಮಾಡೋನು ನೆಟ್ಟಗಾದ್ರೂ ಮಾಡ್ಬೇಡ್ವಾ? ಮೊದಲು ಏಏಏ ಅಂತ ಎಳೀಬೇಕು, ಆಮೇಲೆ ಯ್ ಅಂತ ಕಡೀಬೇಕು."

ಅಂದರೆ ಒಂದು ವರ್ಷದ ಸಿಟ್ಟು ಅಣಕಿಸಿದ್ದಕ್ಕಲ್ಲ, ಕೆಟ್ಟದಾಗಿ ಅಣಕಿಸಿದ್ದಕ್ಕೆ! ನಾನು ಡಬ್ಬಿ ಮುಂದೆ ಚಾಚಿದೆ. ಬಹುಮಾನ ನ್ಯಾಯವಾಗಿ ಅವರದೇ ತಾನೇ. ಒಳಗಿನಿಂದ ಶಿವಣ್ಣನವರ ತಣ್ಣನೆಯ ಧ್ವನಿ ಬಂತು: "ಕೂಗು ನಿಂದು ಗೌರಾ, ಬಾಯಿ ತೆರೆದಿದ್ದು ಅವನು. ಡಬ್ಬಿ ನೀನಿಟ್ಕೋ, ಮುಚ್ಚಳ ಅವನಿಗೆ ಕೊಡು."

ಅವತ್ತಿನಿಂದ ಆ ಡಬ್ಬಿಯಲ್ಲಿ ಜಾಜಿ ತುಪ್ಪವಿದೆ, ಮೇಲೆ ಒಂದು ತಟ್ಟೆ ಮುಚ್ಚಿಕೊಂಡು. ಮುಚ್ಚಳ ನಮ್ಮ ಮನೆಯಲ್ಲಿದೆ. ನನಗೆ ಬಾಯಿಹುಣ್ಣಾದಾಗ ಮಾತ್ರ ಅವೆರಡಕ್ಕೂ ಭೇಟಿ. ಮುಚ್ಚಳ ತೆಗೆದುಕೊಂಡು ಹೋಗುತ್ತೇನೆ, ಡಬ್ಬಿಗೆ ಹಾಕಿಕೊಂಡು ಮನೆಗೆ ತರುತ್ತೇನೆ, ವಾಸಿಯಾದ ಮೇಲೆ ಡಬ್ಬಿ ಹಿಂದಿರುಗಿಸುತ್ತೇನೆ.

ಇವತ್ತು ಬೆಳಿಗ್ಗೆಯೂ ಹಾಗೇ ಮುಚ್ಚಳ ಹಿಡಿದು ಹೋಗಿದ್ದೆ. ಗೇಟಿನ ಚಿಲಕ ಸದ್ದಾಯಿತು. ಒಳಗಿನಿಂದ ಏನೂ ಬರಲಿಲ್ಲ. ಕಿಟಕಿಯ ಹತ್ತಿರ ಓಡಿದೆ. ನೋಡಿದರೆ ಗೌರಮ್ಮನವರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕಿಟಕಿಯ ಹಿಂದೆ ಕೂತಿದ್ದಾರೆ. ಗಂಟಲು ಕಟ್ಟಿದೆ, ಒಂದು ವಾರ ಬಾಯಿ ಬಿಡಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಇದನ್ನೆಲ್ಲ ಅವರು ಕೈಯಲ್ಲೇ ಹೇಳಿದರು. ನಾನೂ ತುಟಿ ತೋರಿಸಿ ಕೈಯಲ್ಲೇ ಹೇಳಿದೆ. ಬೀದಿಯ ಇಬ್ಬರು ಮಹಾ ವಾಚಾಳಿಗಳು ಕಿಟಕಿಯ ಆಚೆ ಈಚೆ ಮೂಕರಾಗಿದ್ದೆವು.

ಅಷ್ಟರಲ್ಲಿ ಅವರ ಕಣ್ಣು ನನ್ನ ಬೆನ್ನ ಹಿಂದೆ ಹೋಗಿ ಅಗಲವಾಯಿತು. ಕೊನೆಮನೆಯ ಆಡು, ಅಥವಾ ಆ ಆಡಿನ ಮಗಳೋ ಮೊಮ್ಮಗಳೋ, ಮುಂಗಾಲನ್ನು ಗೇಟಿನ ಮೇಲಿಟ್ಟು ಬಳ್ಳಿಯತ್ತ ಕತ್ತು ಚಾಚಿತ್ತು. ಗೌರಮ್ಮನವರು ಬಾಯಿ ತೆರೆದರು, ಗಾಳಿ ಮಾತ್ರ ಬಂತು. ನನ್ನನ್ನು ನೋಡಿದರು. ಕೈಯನ್ನು ಮುಂದಕ್ಕೆ ಚಾಚಿ ಹಗ್ಗ ಎಳೆದ ಹಾಗೆ ಮಾಡಿ, ಆಮೇಲೆ ಕತ್ತರಿಸಿದ ಹಾಗೆ ಮಾಡಿದರು. ಎಳಿ, ಆಮೇಲೆ ಕಡಿ.

ತುಟಿ ಉರಿದರೆ ಉರಿಯಲಿ ಅಂತ ಎಳೆದೆ, ಕಡಿದೆ.

ಆಡು ಒಂದೇ ನೆಗೆತಕ್ಕೆ ರಸ್ತೆ ದಾಟಿ ಓಡಿತು. ಗೌರಮ್ಮನವರು ಕಿಟಕಿಯ ಹಿಂದಿನಿಂದ ನಿಧಾನವಾಗಿ ತಲೆದೂಗಿದರು. ಆರು ವರ್ಷದ ಮೇಲೆ ಸಿಕ್ಕ ಬಹುಮಾನ ಅದು. ಆಮೇಲೆ ಡಬ್ಬಿಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿ ಕೊಟ್ಟರು. ಮುಚ್ಚಳ ಹಾಕಿದೆ, ಟಕ್ ಅಂತ ಕೂತಿತು.

ಆಡಿಗೆ ಸ್ನಾನ ಆಗಿತ್ತೋ ಇಲ್ಲವೋ ಗೊತ್ತಿಲ್ಲ. ಕೇಳಿದ ನನಗಂತೂ ಆಗಿರಲಿಲ್ಲ.